ನಾಡಿನ ಪರವಾಗಿ ಒಂದು ಹಾಡು

ಕೆಲವು ವರ್ಷಗಳ ಹಿಂದೆ ಬೆಳ್ತಂಗಡಿ ತಾಲೂಕಿನ ಒಂದು ಶಾಲೆಯಲ್ಲಿ ಪ್ರತಿಭಾ ಕಾರಂಜಿಯ ಜನಪದ ಗೀತೆಯ ಸ್ಪರ್ಧೆಗೆ ನಾನು ತೀರ್ಪುಗಾರನಾಗಿ ಕುಳಿತಿದ್ದೆ. ಎಂಟನೆಯ ತರಗತಿಯ ಹುಡುಗಿಯೊಬ್ಬಳು ನೇಜಿ ನೆಡುವಾಗ ತನ್ನ ಅಜ್ಜಿ ಹೇಳುತ್ತಿದ್ದ ತುಳು ಪಾಡ್ದನವನ್ನು ಹಾಡಿದಳು. ಶ್ರುತಿಪೆಟ್ಟಿಗೆಯಿಲ್ಲ, ತಾಳವಿಲ್ಲ; ಕಂಠ ಮಾತ್ರ. ಹಾಡು ಮುಗಿದ ಮೇಲೆ ನಾವು ಮೂವರು ತೀರ್ಪುಗಾರರು ಒಬ್ಬರ ಮುಖವನ್ನೊಬ್ಬರು ನೋಡಿಕೊಂಡೆವು. "ಹಾಡು ಚೆನ್ನಾಗಿದೆ, ಆದರೆ ರಾಜ್ಯಮಟ್ಟದವರೆಗೆ ಹೋದರೆ ಅಲ್ಲಿ ತುಳು ಅರಿತವರು ಯಾರಿದ್ದಾರೆ?" ಎಂದು ನಮ್ಮಲ್ಲೊಬ್ಬರು ಕೇಳಿದರು. ನಾನೂ ತಲೆಯಾಡಿಸಿದೆ. ಬಹುಮಾನ ಬೇರೊಂದು ಮಗುವಿಗೆ ಹೋಯಿತು.

ಒಂದು ಊರಿನ ಪರವಾಗಿ, ತಾಲೂಕಿನ ಪರವಾಗಿ, ಕಡೆಗೆ ಒಂದು ದೇಶದ ಪರವಾಗಿ ಹಾಡನ್ನು ಆರಿಸಿ ಕಳುಹಿಸುವುದೆಂದರೆ ಏನು? ಆರಿಸುವವರು ಯಾರು? ಯಾವ ಭಾಷೆಯಲ್ಲಿ? ಈ ಪ್ರಶ್ನೆಗಳು ನಮ್ಮ ಶಾಲೆಯ ಜಗಲಿಯಲ್ಲಿ ಮಾತ್ರ ಹುಟ್ಟಿದವಲ್ಲ. ಯುರೋಪಿನ ದೇಶಗಳು ಏಳು ದಶಕಗಳಿಂದ ಇವನ್ನೇ ಎದುರಿಸುತ್ತ ಬಂದಿವೆ. ನಮ್ಮ ಆಕಾಶವಾಣಿಯೂ ತನ್ನ ರೀತಿಯಲ್ಲಿ ಎದುರಿಸಿದೆ.

ಎರಡನೆಯ ಮಹಾಯುದ್ಧದಲ್ಲಿ ಪರಸ್ಪರ ಬಾಂಬು ಸುರಿಸಿಕೊಂಡ ದೇಶಗಳ ಪ್ರಸಾರ ಸಂಸ್ಥೆಗಳು ಒಂದು ಒಕ್ಕೂಟ ಕಟ್ಟಿಕೊಂಡು, 1956ರ ಮೇ 24ರಂದು ಸ್ವಿಟ್ಜರ್ಲೆಂಡಿನ ಲುಗಾನೊ ಎಂಬ ಊರಿನಲ್ಲಿ ಮೊದಲ ಯೂರೋವಿಷನ್ ಗೀತಸ್ಪರ್ಧೆಯನ್ನು ನಡೆಸಿದವು. ಬಂದ ದೇಶಗಳು ಏಳು. ದೇಶಕ್ಕೆ ಎರಡರಂತೆ ಹಾಡುಗಳು ಹದಿನಾಲ್ಕು. ಆಗ ಟೆಲಿವಿಷನ್ ಇದ್ದ ಮನೆಗಳು ವಿರಳವಾದ್ದರಿಂದ ಬಹುಮಂದಿ ಅದನ್ನು ರೇಡಿಯೋದಲ್ಲಿಯೇ ಕೇಳಿದರು. ಇಂದು ನಮಗೆ ಉಳಿದಿರುವುದೂ ಬಹುಮಟ್ಟಿಗೆ ಅದರ ಧ್ವನಿ ಮಾತ್ರ. ರೇಡಿಯೋ ಶ್ರೋತೃಗಳಾದ ನಮಗೆ ಇದು ಕೊಂಚ ಹೆಮ್ಮೆಯ ಸಂಗತಿಯೇ.

ಅಂದು ಪ್ರತಿಯೊಂದು ದೇಶದಿಂದ ಇಬ್ಬರು ತೀರ್ಪುಗಾರರು ಕುಳಿತು ಗುಪ್ತವಾಗಿ ಅಂಕ ಕೊಟ್ಟರು. ತಮ್ಮ ದೇಶದ ಹಾಡಿಗೇ ಅಂಕ ಕೊಡಲು ಅಡ್ಡಿಯಿರಲಿಲ್ಲ! ಲಕ್ಸೆಂಬರ್ಗ್ ತನ್ನ ತೀರ್ಪುಗಾರರನ್ನು ಕಳುಹಿಸದೆ, ಸ್ವಿಸ್ ತೀರ್ಪುಗಾರರೇ ಅದರ ಪರವಾಗಿಯೂ ಅಂಕ ಕೊಟ್ಟರು. ಗೆದ್ದದ್ದು ಸ್ವಿಟ್ಜರ್ಲೆಂಡಿನ ಲಿಸ್ ಆಸಿಯಾ. ಯಾರಿಗೆ ಎಷ್ಟು ಅಂಕ ಬಂದಿತೆಂಬುದು ಇಂದಿಗೂ ಪ್ರಕಟವಾಗಿಲ್ಲ. ಶಾಲಾ ಸ್ಪರ್ಧೆಯಲ್ಲಿ ಹೀಗಾದರೆ ನಮ್ಮ ಪೋಷಕರು ಸುಮ್ಮನಿರುತ್ತಿದ್ದರೆ? ಮರುವರ್ಷವೇ ಸ್ವದೇಶಕ್ಕೆ ಅಂಕ ಕೊಡುವುದನ್ನು ನಿಲ್ಲಿಸಲಾಯಿತು. ತೀರ್ಪುಗಾರರು ತಮ್ಮ ತಮ್ಮ ದೇಶದಲ್ಲಿಯೇ ಕುಳಿತು ಆಲಿಸಿ ದೂರವಾಣಿಯಲ್ಲಿ ಫಲಿತಾಂಶ ತಿಳಿಸುವ ಪದ್ಧತಿಯೂ ಬಂದಿತು. 1957ರಲ್ಲಿ ಇಟಲಿಯ ಹಾಡು ಐದು ನಿಮಿಷ ಮೀರಿ ಹರಿಯಿತು. ಮೂರು ನಿಮಿಷದ ಮಿತಿ ಆಮೇಲೆ ಬಿಗಿಯಾಯಿತು. ಹಳೆಯ ಗ್ರಾಮಾಫೋನ್ ತಟ್ಟೆಯ ಒಂದು ಮಗ್ಗುಲು ಹಿಡಿಯುತ್ತಿದ್ದುದೂ ಸುಮಾರು ಅಷ್ಟೇ ಕಾಲ.

ದೇಶದೊಳಗೆ ಹಾಡನ್ನು ಆರಿಸುವ ಬಗೆ ಆಯಾ ದೇಶದ ಪ್ರಸಾರ ಸಂಸ್ಥೆಗೆ ಬಿಟ್ಟದ್ದು. ಕೆಲವರು ಬಾಗಿಲು ಮುಚ್ಚಿ ತಾವೇ ಆರಿಸುತ್ತಾರೆ; ಕೆಲವರು ಬಹಿರಂಗ ಸ್ಪರ್ಧೆ ನಡೆಸುತ್ತಾರೆ. ಇಟಲಿಯಲ್ಲಿ 1951ರಿಂದ ನಡೆದುಬಂದ ಸಾನ್ ರೆಮೊ ಗೀತೋತ್ಸವವೇ ಇಡೀ ಸ್ಪರ್ಧೆಗೆ ಮಾದರಿ. ಸ್ವೀಡನ್ನಿನಲ್ಲಿ ಈ ಆಯ್ಕೆಯೇ ಒಂದು ದೊಡ್ಡ ಹಬ್ಬ. ಆ ದೇಶದ ಒಂದು ಪ್ರಸಂಗ ನನ್ನ ಮನಸ್ಸಿನಲ್ಲಿ ನಿಂತಿದೆ. 1973ರ ಆಯ್ಕೆಯಲ್ಲಿ ನಾಲ್ವರ ಒಂದು ತಂಡ ಮೂರನೆಯ ಸ್ಥಾನಕ್ಕೆ ಇಳಿಯಿತು; ಅಂದು ತೀರ್ಪು ಕೊಟ್ಟವರು ತಜ್ಞರು. ಮರುವರ್ಷ ಸಾಮಾನ್ಯ ಜನರ ತೀರ್ಪುಗಾರ ಮಂಡಲಿಗಳು ಕುಳಿತಾಗ ಅದೇ ತಂಡ ಆಯ್ಕೆಯಾಗಿ, 1974ರಲ್ಲಿ ಇಂಗ್ಲೆಂಡಿನ ಬ್ರೈಟನ್ ನಗರದಲ್ಲಿ ಯೂರೋವಿಷನ್ ಗೆದ್ದಿತು. ಅದೇ ಜಗದ್ವಿಖ್ಯಾತವಾದ ಅಬ್ಬಾ. ತಜ್ಞರೆನಿಸಿಕೊಂಡವರು ಈ ಕಥೆಯನ್ನು ಆಗಾಗ ನೆನೆಯಬೇಕು. ನನಗೆ ನಾನೇ ಹೇಳಿಕೊಳ್ಳುವ ಮಾತಿದು.

ಇನ್ನು ಭಾಷೆಯ ವಿಚಾರ. ಕನ್ನಡ ಪಂಡಿತನಾದ ನನಗೆ ಇದೇ ಎಲ್ಲಕ್ಕಿಂತ ಸ್ವಾರಸ್ಯದ್ದು. ಮೊದಲು ಯಾವ ಕಟ್ಟಳೆಯೂ ಇರಲಿಲ್ಲ. ದೇಶಗಳು ತಮ್ಮ ನುಡಿಯಲ್ಲೇ ಹಾಡಬೇಕೆಂಬ ನಿಯಮ 1966ರಲ್ಲಿ ಬಂದಿತು, 1973ರಲ್ಲಿ ಸಡಿಲವಾಯಿತು, 1977ರಲ್ಲಿ ಮರಳಿ ಬಂದಿತು, 1999ರಲ್ಲಿ ಮತ್ತೆ ಹೋಯಿತು. ಅಬ್ಬಾ ತಂಡ ತಾಯ್ನಾಡಿನ ಆಯ್ಕೆಯಲ್ಲಿ ಸ್ವೀಡಿಷ್ ಭಾಷೆಯಲ್ಲಿ ಹಾಡಿದ ಗೀತೆಯನ್ನೇ ಬ್ರೈಟನ್ನಿನಲ್ಲಿ ಇಂಗ್ಲಿಷಿನಲ್ಲಿ ಹಾಡಿತು. ನಿಯಮ ಸಡಿಲವಾಗಿದ್ದ ಆ ನಡುಗಾಲ ಅದಕ್ಕೆ ಒದಗಿತು. 1999ರ ಅನಂತರ ಇಂಗ್ಲಿಷ್ ಹಾಡುಗಳ ಪ್ರವಾಹವೇ ಹರಿಯಿತು. ದೂರದವರಿಗೆ ತಿಳಿಯಲೆಂದು ಮನೆಯ ಮಾತನ್ನು ಬಿಡುವುದು, ಇಲ್ಲವೆ ಮನೆಯ ಮಾತಿನಲ್ಲಿಯೇ ಹಾಡಿ ಅಂಕ ಕಳೆದುಕೊಳ್ಳುವುದು: ಬೆಳ್ತಂಗಡಿಯ ಆ ಹುಡುಗಿಯ ಮುಂದಿದ್ದ ಕವಲೂ ಇದೇ ಅಲ್ಲವೆ?

ನಮ್ಮ ದೇಶಕ್ಕೆ ಬರೋಣ. ಯೂರೋವಿಷನ್ನಿನಂತಹ ಮೇಳ ನಮಗಿಲ್ಲ. ಆದರೆ ಇಷ್ಟು ಭಾಷೆಗಳ, ಇಷ್ಟು ಸಂಗೀತ ಪದ್ಧತಿಗಳ ಈ ನಾಡಿನಲ್ಲಿ ಯಾರ ಕಂಠ ದೇಶಕ್ಕೆ ಕೇಳಿಸಬೇಕೆಂಬ ಆಯ್ಕೆಯನ್ನು ಆಕಾಶವಾಣಿ ತನ್ನ ಮೇಲೆ ಹೊತ್ತುಕೊಂಡಿತು. 1952ರಲ್ಲಿ ಬಿ. ವಿ. ಕೇಸ್ಕರ್ ಅವರು ಪ್ರಸಾರ ಸಚಿವರಾದ ಮೇಲೆ ಸಂಗೀತಗಾರರ ಧ್ವನಿಪರೀಕ್ಷೆ ಬಿಗಿಯಾಯಿತು. ಅದರ ಹೊಣೆ ಹೊತ್ತವರಲ್ಲಿ ವಿದ್ವಾಂಸ ಶ್ರೀಕೃಷ್ಣ ರತಂಜನಕರ್ ಅವರು ಪ್ರಮುಖರು. ಮುಪ್ಪಿನ ಕಲಾವಿದರನ್ನೂ ಹೊಸಬರಂತೆ ಪರೀಕ್ಷೆಗೆ ಕೂರಿಸಿದಾಗ ಅನೇಕರು ಸಿಟ್ಟಾದರು, ಪ್ರತಿಭಟಿಸಿದರು. ಅವರ ಸಿಟ್ಟು ನ್ಯಾಯವಾದದ್ದೆಂದೇ ನನ್ನ ಎಣಿಕೆ. ಆದರೆ ಆ ಪರೀಕ್ಷೆಯಿಂದ ಉಪಕಾರವೂ ಆಯಿತು: ದೊಡ್ಡವರ ಶಿಫಾರಸು ಇಲ್ಲದ, ಊರ ಮೂಲೆಯ ಹುಡುಗ ಹುಡುಗಿಯರಿಗೂ ಮೈಕಿನ ಮುಂದೆ ನಿಲ್ಲುವ ಹಾದಿ ತೆರೆಯಿತು. ಹೆಸರು ಹೇಳದೆ ಧ್ವನಿಯನ್ನಷ್ಟೇ ಕೇಳಿ ತೀರ್ಪು ಕೊಡುವ ಕ್ರಮ ನನಗೆ ಬಹಳ ಹಿಡಿಸುತ್ತದೆ. ಉಟ್ಟ ಬಟ್ಟೆ ಅಲ್ಲಿ ಕಾಣಿಸುವುದಿಲ್ಲ. ಬಿ, ಬಿ-ಹೈ, ಎ, ಟಾಪ್ ಎಂಬ ಶ್ರೇಣಿಗಳು ಹೀಗೆಯೇ ದೊರೆಯುತ್ತವೆ. ನಮ್ಮ ಕಡೆಯ ಕಲಾವಿದರಿಗೆ ಈ ಬಾಗಿಲು ಹತ್ತಿರವಾದದ್ದು 1976ರ ಡಿಸೆಂಬರ್ 11ರಂದು ಮಂಗಳೂರು ನಿಲಯ ಆರಂಭವಾದಾಗ. ತುಳು, ಕೊಂಕಣಿ ಹಾಡುಗಳೂ ಅಲ್ಲಿಂದ ಕೇಳಿಬಂದವು.

ಪಕ್ಷಪಾತ ಯಂತ್ರದ ಮೇಲೂ ಇತ್ತು. 1940ರಿಂದ ಮೂರು ದಶಕಗಳಷ್ಟು ಕಾಲ ಹಾರ್ಮೋನಿಯಂ ಆಕಾಶವಾಣಿಯೊಳಗೆ ಬರುವಂತಿರಲಿಲ್ಲ. ಗಮಕಗಳನ್ನು ನುಡಿಸಲಾರದ ಪರದೇಶೀ ಪೆಟ್ಟಿಗೆಯೆಂಬುದು ಆಕ್ಷೇಪ. ಅದೇ ಕಾಲದಲ್ಲಿ ನಮ್ಮೂರ ಭಜನಾ ಮಂದಿರಗಳಲ್ಲಿ ಹಾರ್ಮೋನಿಯಂ ಇಲ್ಲದೆ ಮಂಗಳಾರತಿಯೂ ಆಗುತ್ತಿರಲಿಲ್ಲ! ನಿಯಮ ಮಾಡುವವರ ಕಿವಿ ಒಂದು, ಹಾಡುವವರ ಕಿವಿ ಇನ್ನೊಂದು.

ಭಾಷೆಯ ತೊಡಕಿಗೆ ಆಕಾಶವಾಣಿ ಕಂಡುಕೊಂಡ ಒಂದು ಉಪಾಯವೆಂದರೆ 1956ರಲ್ಲಿ, ಯೂರೋವಿಷನ್ ಹುಟ್ಟಿದ ವರ್ಷದಲ್ಲೇ, ಮೊದಲಾದ ಸರ್ವಭಾಷಾ ಕವಿ ಸಮ್ಮೇಳನ. ಗಣರಾಜ್ಯೋತ್ಸವದ ಹೊತ್ತಿಗೆ ಪ್ರಸಾರವಾಗುವ ಈ ಸಮ್ಮೇಳನದಲ್ಲಿ ಕವಿ ತನ್ನ ನುಡಿಯಲ್ಲಿಯೇ ಓದುತ್ತಾನೆ, ಬೆನ್ನಿಗೆ ಅನುವಾದ ಬರುತ್ತದೆ. ಗೆಲವು ಸೋಲು ಇಲ್ಲ. ಯುರೋಪಿನವರ ಕಟ್ಟಳೆಗಿಂತ ಇದು ಉದಾರವೆಂದೇ ನಾನು ತಿಳಿದಿದ್ದೇನೆ. ಆದರೆ ಇಲ್ಲಿಯೂ ಪಂಕ್ತಿ ಹಾಕುವುದು ಸಂವಿಧಾನದ ಎಂಟನೆಯ ಅನುಸೂಚಿಯ ಭಾಷೆಗಳಿಗೆ. ಕೊಂಕಣಿಗೆ ಆ ಪಂಕ್ತಿಯಲ್ಲಿ ಎಲೆ ಬಿದ್ದದ್ದು 1992ರಲ್ಲಿ. ಬಂಟ್ವಾಳ, ಬೆಳ್ತಂಗಡಿ, ಮೂಡುಬಿದಿರೆಗಳ ಪೇಟೆಯಲ್ಲಿ ಬೆಳಗಿನಿಂದ ಸಂಜೆಯವರೆಗೆ ಕೇಳಿಬರುವ ತುಳುವಿಗೆ ಇನ್ನೂ ಬಿದ್ದಿಲ್ಲ.

ಕಳೆದ ಮಳೆಗಾಲದಲ್ಲಿ ಬಿ.ಸಿ. ರೋಡಿನ ಬಸ್ ನಿಲ್ದಾಣದಲ್ಲಿ ಒಬ್ಬ ತರುಣಿ ನಕ್ಕು "ಗುರುತು ಸಿಕ್ಕಿತೇ ಸರ್?" ಎಂದು ಕೇಳಿದಳು. ಅದೇ ಹುಡುಗಿ, ಈಗ ಶಿಕ್ಷಕಿಯ ತರಬೇತಿ ಪಡೆಯುತ್ತಿದ್ದಾಳೆ. ಮರುವರ್ಷ ಕನ್ನಡದ ಒಂದು ಗೀತೆ ಕಲಿತು ಜಿಲ್ಲೆಯವರೆಗೆ ಹೋಗಿದ್ದಳಂತೆ. ಆ ಪಾಡ್ದನ ಏನಾಯಿತೆಂದು ಕೇಳಿದೆ. "ಅಜ್ಜಿ ತೀರಿಕೊಂಡರು ಸರ್. ಬರೆದಿಟ್ಟುಕೊಳ್ಳಲಿಲ್ಲ. ಸ್ಪರ್ಧೆಗೆಂದು ಮೂರು ನಿಮಿಷದಷ್ಟು ಕಲಿತಿದ್ದೆನಲ್ಲ, ಅಷ್ಟು ಮಾತ್ರ ಬರುತ್ತದೆ" ಎಂದಳು. ಬಸ್ಸು ಬರಲು ಇನ್ನೂ ಹೊತ್ತಿತ್ತು. ಬರುವಷ್ಟನ್ನು ಹೇಳಮ್ಮ ಎಂದು ನನ್ನ ಡೈರಿ ತೆಗೆದೆ. ಅವಳು ಮೆಲ್ಲಗೆ ಹೇಳಿದಳು, ನಾನು ಬರೆದುಕೊಂಡೆ.