ರೈಲಿನಿಂದ ಹಡಗಿಗೆ: ಮುಂಬಯಿಯಲ್ಲಿ ಸಾಮಾನಿನ ಜೊತೆ ಎರಡು ಕಿಲೋಮೀಟರ್

ಮುಂಬಯಿಯಿಂದ ಗೋವಾ ಮತ್ತು ಲಕ್ಷದ್ವೀಪದ ಕಡೆಗೆ ಹೋಗುವ ಪ್ರವಾಸಿ ಹಡಗುಗಳನ್ನು ನಾವೆಲ್ಲ ಕ್ರೂಸ್ ಎಂದು ಕರೆಯುತ್ತೇವೆ. ಈಗ ನಮ್ಮ ಕಡೆಯಿಂದಲೂ ಕೆಲವು ಕುಟುಂಬಗಳು ಇವುಗಳಲ್ಲಿ ಹೋಗಿ ಬರುತ್ತಿವೆ. ಹೋಗಿ ಬಂದವರನ್ನು ಕೇಳಿದರೆ ಹಡಗಿನ ಊಟ, ಕೋಣೆ, ಸಮುದ್ರ ಎಲ್ಲವನ್ನೂ ವರ್ಣಿಸುತ್ತಾರೆ. ಆದರೆ "ಎಲ್ಲಕ್ಕಿಂತ ಕಷ್ಟವಾದದ್ದು ಯಾವುದು?" ಎಂದು ಕೇಳಿ ನೋಡಿ. ಹೆಚ್ಚಿನವರು ಹೇಳುವುದು ರೈಲು ಇಳಿದ ಮೇಲೆ ಹಡಗು ಹತ್ತುವವರೆಗಿನ ಆ ಸ್ವಲ್ಪ ದಾರಿಯನ್ನು.

ಇದಕ್ಕೆ ಕಾರಣ ಸರಳ. ರೈಲಿನ ಟಿಕೆಟ್ ನಿಮ್ಮನ್ನು ನಿಲ್ದಾಣದವರೆಗೆ ತಂದು ಬಿಡುತ್ತದೆ. ಹಡಗಿನ ಟಿಕೆಟ್ ಬಂದರಿನಿಂದ ಶುರುವಾಗುತ್ತದೆ. ನಡುವಿನ ದಾರಿ ಯಾರ ಟಿಕೆಟ್‌ನಲ್ಲೂ ಇಲ್ಲ. ಅಲ್ಲಿ ತಡವಾದರೆ ರೈಲ್ವೆಯವರು ಹೊಣೆಯಲ್ಲ, ಹಡಗಿನವರು ಕಾಯುವುದಿಲ್ಲ. ಸಾವಿರಾರು ರೂಪಾಯಿ ಕೊಟ್ಟು ತಿಂಗಳುಗಟ್ಟಲೆ ಮುಂಚೆ ಮಾಡಿದ ಬುಕಿಂಗ್ ಈ ಎರಡು ಕಿಲೋಮೀಟರಿನಲ್ಲಿ ಕೈತಪ್ಪಬಹುದು. ಆದ್ದರಿಂದ ಇದನ್ನು ಸ್ವಲ್ಪ ವಿವರವಾಗಿ ನೋಡೋಣ.

ಪ್ರಥಮ ಪಿಯುಸಿಯ ವ್ಯವಹಾರ ಅಧ್ಯಯನದಲ್ಲಿ ನಾವು ಒಂದು ಪಾಠ ಓದಿದ್ದೇವೆ. ವ್ಯಾಪಾರಕ್ಕೆ ಸ್ಥಳದ ಅಡಚಣೆ, ಸಮಯದ ಅಡಚಣೆ, ಅಪಾಯದ ಅಡಚಣೆ ಇರುತ್ತವೆ. ಸಾರಿಗೆ, ಉಗ್ರಾಣ, ವಿಮೆ ಇವು ಆ ಅಡಚಣೆಗಳನ್ನು ನಿವಾರಿಸುತ್ತವೆ. ಸರಕಿಗೆ ಹೇಳಿದ ಈ ಮಾತು ಸಾಮಾನು ಹೊತ್ತ ಪ್ರಯಾಣಿಕನಿಗೂ ಹೊಂದುತ್ತದೆ. ಅದೇ ಕ್ರಮದಲ್ಲಿ ಹೋಗೋಣ.

ಒಂದು: ಸ್ಥಳದ ಅಡಚಣೆ

ಮೊದಲ ಪ್ರಶ್ನೆ, ನಿಮ್ಮ ರೈಲು ಯಾವ ಮುಂಬಯಿಗೆ ಹೋಗುತ್ತದೆ? "ಮುಂಬಯಿ ರೈಲು" ಎಂದು ನಾವು ಹೇಳುವ ರೈಲುಗಳೆಲ್ಲ ಒಂದೇ ನಿಲ್ದಾಣಕ್ಕೆ ಹೋಗುವುದಿಲ್ಲ. ಬೆಂಗಳೂರಿನಿಂದ ರಾಯಚೂರು, ಕಲಬುರಗಿ ಮೇಲೆ ಹೋಗುವ ಉದ್ಯಾನ್ ಎಕ್ಸ್‌ಪ್ರೆಸ್ ಛತ್ರಪತಿ ಶಿವಾಜಿ ಮಹಾರಾಜ್ ಟರ್ಮಿನಸ್‌ಗೆ ಹೋಗುತ್ತದೆ. ಟಿಕೆಟ್‌ನಲ್ಲಿ ಇದು ಸಿಎಸ್‌ಎಂಟಿ ಎಂದಿರುತ್ತದೆ. ನಮ್ಮ ಮನೆಯ ಹಿರಿಯರು ಇಂದಿಗೂ ವಿ.ಟಿ. ಎಂದೇ ಹೇಳುತ್ತಾರೆ. ಹುಬ್ಬಳ್ಳಿ ಮೇಲೆ ಹೋಗುವ ಚಾಲುಕ್ಯ, ಶರಾವತಿ ಎಕ್ಸ್‌ಪ್ರೆಸ್‌ಗಳು ದಾದರ್‌ನಲ್ಲಿ ನಿಂತುಬಿಡುತ್ತವೆ. ಮಂಗಳೂರಿನ ಮತ್ಸ್ಯಗಂಧ ಕುರ್ಲಾ ಬಳಿಯ ಲೋಕಮಾನ್ಯ ತಿಲಕ್ ಟರ್ಮಿನಸ್‌ಗೆ ಹೋಗುತ್ತದೆ.

ಹಡಗು ಹೊರಡುವುದು ನಗರದ ದಕ್ಷಿಣ ತುದಿಯ ಬಲ್ಲಾರ್ಡ್ ಪಿಯರ್ ಎಂಬ ಜಾಗದಿಂದ. ಇಂದಿರಾ ಡಾಕ್‌ನಲ್ಲಿರುವ ಅಂತರರಾಷ್ಟ್ರೀಯ ಕ್ರೂಸ್ ಟರ್ಮಿನಲ್‌ನ ಹೊಸ ಕಟ್ಟಡ 2025ರ ಸೆಪ್ಟೆಂಬರ್‌ನಲ್ಲಿ ಉದ್ಘಾಟನೆಯಾಯಿತು. ಸಿಎಸ್‌ಎಂಟಿಯಿಂದ ಬಲ್ಲಾರ್ಡ್ ಪಿಯರ್ ಹೆಚ್ಚೆಂದರೆ ಎರಡು ಕಿಲೋಮೀಟರ್. ದಾದರ್‌ನಲ್ಲಿ ಇಳಿದವರಿಗೆ ಸಿಎಸ್‌ಎಂಟಿವರೆಗೇ ಇನ್ನೂ 9 ಕಿಲೋಮೀಟರ್ ಇರುತ್ತದೆ, ಕುರ್ಲಾದಿಂದ 15 ಕಿಲೋಮೀಟರ್. ಲೋಕಲ್ ರೈಲು ಅಗ್ಗ ಎಂಬುದು ನಿಜ. ಆದರೆ ಬೆಳಿಗ್ಗೆ ಕಚೇರಿ ಸಮಯದಲ್ಲಿ ದೊಡ್ಡ ಚೀಲಗಳೊಂದಿಗೆ ಅದನ್ನು ಹತ್ತುವುದು ಆಗದ ಮಾತು.

ಸಾಮಾನಿನ ದೃಷ್ಟಿಯಿಂದ ಸಿಎಸ್‌ಎಂಟಿಗೆ ಇನ್ನೊಂದು ಅನುಕೂಲವಿದೆ. ಅಲ್ಲಿ ಹಳಿಗಳೇ ಮುಗಿದುಹೋಗುತ್ತವೆ. ಎಲ್ಲ ಪ್ಲಾಟ್‌ಫಾರ್ಮ್‌ಗಳೂ ಒಂದು ತುದಿಯಲ್ಲಿ ಕೂಡಿಕೊಳ್ಳುವುದರಿಂದ ಮೇಲ್ಸೇತುವೆ ಹತ್ತಬೇಕಾಗಿಲ್ಲ. ದಾದರ್‌ನಲ್ಲಿ ಮೆಟ್ಟಿಲು ಹತ್ತಿ ಇಳಿಯಬೇಕು. ಸಿಎಸ್‌ಎಂಟಿಯಿಂದ ಹೊರಬರುವಾಗ ಎಲ್ಲರೂ ಹೋಗುವ ಪಶ್ಚಿಮದ ಮುಖ್ಯ ರಸ್ತೆಯ ಕಡೆ ಹೋಗಬೇಡಿ. ಅಲ್ಲಿ ವಾಹನಗಳ ದಟ್ಟಣೆ ಹೆಚ್ಚು, ರಸ್ತೆ ದಾಟಲು ಸುರಂಗ ಮಾರ್ಗದ ಮೆಟ್ಟಿಲು ಇಳಿಯಬೇಕು. ದೂರದ ರೈಲುಗಳು ನಿಲ್ಲುವ ಪ್ಲಾಟ್‌ಫಾರ್ಮ್‌ಗಳ ಪಕ್ಕದಲ್ಲೇ, 18ನೇ ಪ್ಲಾಟ್‌ಫಾರ್ಮ್ ಕಡೆಯಿಂದ ಪಿ. ಡಿಮೆಲ್ಲೊ ರಸ್ತೆಗೆ ಹೊರಬರುವ ದಾರಿಯಿದೆ. ಅದು ಬಂದರಿನ ದಿಕ್ಕಿನ ರಸ್ತೆ.

ಎರಡನೆಯ ಪ್ರಶ್ನೆ, ಯಾವ ಗೇಟು? ಮುಂಬಯಿ ಬಂದರು ಬಹಳ ಉದ್ದ. ಅದರ ಗೇಟುಗಳಿಗೆ ಬಣ್ಣದ ಹೆಸರುಗಳಿವೆ: ಗ್ರೀನ್ ಗೇಟ್, ಯೆಲ್ಲೋ ಗೇಟ್, ಆರೆಂಜ್ ಗೇಟ್ ಹೀಗೆ. ಬಲ್ಲಾರ್ಡ್ ಪಿಯರ್ ಕಡೆಯದು ಗ್ರೀನ್ ಗೇಟ್. ನಿಮ್ಮ ಹಡಗಿನ ಟಿಕೆಟ್‌ನಲ್ಲಿ ಯಾವ ಗೇಟಿನ ಹೆಸರಿದೆಯೋ ಅದನ್ನೇ ಚಾಲಕನಿಗೆ ಹೇಳಬೇಕು. ಬರೀ "ಜಹಾಜ್ ಕೇ ಪಾಸ್" ಎಂದರೆ ಸಾಲದು. ಮುಂಬಯಿಯಲ್ಲಿ ದೋಣಿ, ಹಡಗು ಹೊರಡುವ ಜಾಗ ಒಂದೇ ಅಲ್ಲ. ಎಲಿಫೆಂಟಾ ದೋಣಿಗಳು ಗೇಟ್‌ವೇ ಆಫ್ ಇಂಡಿಯಾದಿಂದ ಹೊರಡುತ್ತವೆ. ಮಝಗಾಂವ್ ಬಳಿಯ ಭಾವೂಚಾ ಧಕ್ಕಾದಿಂದ ಮಾಂಡ್ವಾ, ರೇವಸ್ ಕಡೆಗೆ ಹೋಗುತ್ತಾರೆ. ತಪ್ಪು ಜಾಗದಲ್ಲಿ ಇಳಿದು ಮತ್ತೆ ಟ್ಯಾಕ್ಸಿ ಹುಡುಕುವುದರಲ್ಲೇ ಒಂದು ಗಂಟೆ ಹೋಗಬಹುದು.

ಮೂರನೆಯದು ವಾಹನ. ನಮ್ಮೂರಿನಂತೆ ಆಟೋ ಕೂಗಿದರೆ ಬರುವುದಿಲ್ಲ, ಏಕೆಂದರೆ ದಕ್ಷಿಣ ಮುಂಬಯಿಯಲ್ಲಿ ಆಟೋರಿಕ್ಷಾಗಳಿಗೆ ಪ್ರವೇಶವೇ ಇಲ್ಲ. ಟ್ಯಾಕ್ಸಿಯೇ ಗತಿ. ಕಪ್ಪು-ಹಳದಿ ಟ್ಯಾಕ್ಸಿಯ ಕನಿಷ್ಠ ದರ 2025ರ ಫೆಬ್ರವರಿಯಿಂದ ಮೊದಲ ಒಂದೂವರೆ ಕಿಲೋಮೀಟರಿಗೆ 31 ರೂಪಾಯಿ. ಅಂದರೆ ನಮ್ಮ ದಾರಿಗೆ ಮೀಟರಿನಲ್ಲಿ ಬರುವುದು ಬಹಳ ಕಡಿಮೆ ಹಣ. ಇಲ್ಲೇ ತೊಡಕು. ನಿಲ್ದಾಣದ ಹೊರಗೆ ಸರದಿಯಲ್ಲಿ ಬಹಳ ಹೊತ್ತು ಕಾದ ಚಾಲಕನಿಗೆ ದೂರದ ಬಾಡಿಗೆ ಸಿಕ್ಕರೆ ಲಾಭ. ಎರಡು ಕಿಲೋಮೀಟರಿಗೆ, ಅದೂ ಆರು ಚೀಲಗಳೊಂದಿಗೆ ಹೋದರೆ ಕಾದ ಸಮಯದ ಕೂಲಿಯೂ ಹುಟ್ಟುವುದಿಲ್ಲ. ಆದ್ದರಿಂದ ಕೆಲವರು ಒಲ್ಲೆ ಎನ್ನುತ್ತಾರೆ, ಕೆಲವರು ಹೆಚ್ಚು ಕೇಳುತ್ತಾರೆ. ಅವರ ಲೆಕ್ಕ ನಮಗೆ ಅರ್ಥವಾದರೆ ಜಗಳವಾಡುವ ಬದಲು ದಾರಿ ಹುಡುಕಬಹುದು. ಪ್ರೀಪೇಯ್ಡ್ ಕೌಂಟರ್ ತೆರೆದಿದ್ದರೆ ಅಲ್ಲಿ ಚೀಟಿ ಮಾಡಿಸಬಹುದು. ಇಲ್ಲವೇ ಮೊಬೈಲ್ ಆ್ಯಪ್‌ನಿಂದ ಕರೆಯಬಹುದು. ಆ್ಯಪ್‌ನಲ್ಲಿ ಹಡಗಿನ ಜಾಗಕ್ಕೆ ಗುರುತು ಹಾಕದೆ ಗೇಟಿಗೆ ಗುರುತು ಹಾಕಿ. ಬಂದರಿನ ಒಳಗೆ ಹೊರಗಿನ ವಾಹನ ಬೇಕಾದಂತೆ ಹೋಗುವ ಹಾಗಿಲ್ಲ.

ಇನ್ನು ಚೀಲಗಳ ಲೆಕ್ಕ. ಕಪ್ಪು-ಹಳದಿ ಟ್ಯಾಕ್ಸಿಯಲ್ಲಿ ನಾಲ್ಕು ಜನ ಕೂರಬಹುದು. ಆದರೆ ಮುಂಬಯಿಯ ಟ್ಯಾಕ್ಸಿಗಳು ಸಿಎನ್‌ಜಿಯಲ್ಲಿ ಓಡುವುದರಿಂದ ಹಿಂದಿನ ಡಿಕ್ಕಿಯ ಬಹುಪಾಲು ಜಾಗವನ್ನು ಸಿಲಿಂಡರ್ ತಿಂದಿರುತ್ತದೆ. ಮೇಲೆ ಕ್ಯಾರಿಯರ್ ಇದ್ದರೆ ಸರಿ, ಇಲ್ಲದಿದ್ದರೆ ನಾಲ್ಕು ಜನ ಮತ್ತು ನಾಲ್ಕು ದೊಡ್ಡ ಚೀಲ ಒಂದೇ ಗಾಡಿಯಲ್ಲಿ ಹೋಗಲಾರವು.

ಎರಡು ಟ್ಯಾಕ್ಸಿ ಮಾಡಿದಾಗ

ನಮ್ಮ ಖಾಲಾ ಕುಟುಂಬದವರು ಕಳೆದ ರಜೆಯಲ್ಲಿ ಈ ದಾರಿಯಲ್ಲಿ ಹೋಗಿದ್ದರು. ಒಟ್ಟು ಐದು ಜನ, ಏಳು ಚೀಲ. ಅವರಲ್ಲಿ ಒಬ್ಬರು ನಮ್ಮ ನಾನಿ. ಅವರಿಗೆ ಮೊಣಕಾಲು ನೋವು. ಎರಡು ಟ್ಯಾಕ್ಸಿ ಮಾಡಿದರು. ನಾನಿಯನ್ನೂ ಇಬ್ಬರು ಚಿಕ್ಕ ಮಕ್ಕಳನ್ನೂ ಮೊದಲ ಟ್ಯಾಕ್ಸಿಯಲ್ಲಿ ಕೂರಿಸಿ, ಉಳಿದ ಸಾಮಾನಿನ ಜೊತೆ ಖಾಲಾ, ಖಾಲೂ ಹಿಂದೆ ಹೊರಟರು. ಎಲ್ಲರ ಟಿಕೆಟ್, ಆಧಾರ್ ಕಾರ್ಡ್ ಖಾಲಾ ಅವರ ಪರ್ಸಿನಲ್ಲಿದ್ದವು. ಮೊದಲ ಟ್ಯಾಕ್ಸಿ ಬೇಗ ಗೇಟಿಗೆ ಬಂತು. ಕಾಗದ ಇಲ್ಲದೆ ಒಳಗೆ ಬಿಡಲಿಲ್ಲ, ಬಿಡುವ ಹಾಗೂ ಇಲ್ಲ. ಎರಡನೆಯ ಟ್ಯಾಕ್ಸಿ ಸಿಗ್ನಲ್‌ನಲ್ಲಿ ಸಿಕ್ಕಿಕೊಂಡಿತ್ತು. ನಾನಿಯ ಬಳಿ ಫೋನ್ ಇರಲಿಲ್ಲ. ಬಿಸಿಲಿನಲ್ಲಿ ಸೂಟ್‌ಕೇಸಿನ ಮೇಲೆ ಕೂತು ಅವರು ಅರ್ಧ ಗಂಟೆ ಕಾದರು. ಹಡಗು ತಪ್ಪಲಿಲ್ಲ, ಆದರೆ ಆ ಅರ್ಧ ಗಂಟೆ ಇಬ್ಬರ ಕಡೆಯೂ ಬಹಳ ದೊಡ್ಡದಾಗಿತ್ತು.

ಇದರಿಂದ ತಿಳಿಯುವುದೇನೆಂದರೆ, ಸಾಮಾನು ಹಂಚುವ ಮೊದಲು ಕಾಗದ ಹಂಚಬೇಕು. ಪ್ರತಿಯೊಂದು ಗಾಡಿಯಲ್ಲೂ ಟಿಕೆಟ್, ಗುರುತಿನ ಚೀಟಿ, ಫೋನ್ ಇರುವ ಒಬ್ಬ ದೊಡ್ಡವರು ಇರಬೇಕು. ನಡೆಯಲು ಕಷ್ಟವಿರುವ ಹಿರಿಯರಿದ್ದರೆ ಗಾಲಿಕುರ್ಚಿ ಬೇಕೆಂದು ಹಡಗಿನ ಕಂಪನಿಗೆ ಬುಕಿಂಗ್ ಮಾಡುವಾಗಲೇ ತಿಳಿಸಬೇಕು.

ಎರಡು: ಸಮಯದ ಅಡಚಣೆ

ಹಡಗು ಸಂಜೆ ಹೊರಡುತ್ತದೆ ಎಂದರೆ ಸಂಜೆ ಹೋದರಾಯಿತು ಎಂದಲ್ಲ. ಚೆಕ್-ಇನ್ ಹಡಗು ಹೊರಡುವುದಕ್ಕೆ ಸಾಕಷ್ಟು ಮುಂಚೆಯೇ ಮುಚ್ಚುತ್ತದೆ. ಆ ಸಮಯ ಟಿಕೆಟ್‌ನಲ್ಲಿ ಇರುತ್ತದೆ. ನಾವು ಲೆಕ್ಕ ಹಾಕಬೇಕಾದದ್ದು ಅದರಿಂದ ಹಿಂದಕ್ಕೆ. ಹೊರಡುವ ದಿನವೇ ಮುಂಬಯಿ ತಲುಪುವ ರೈಲನ್ನು ನಂಬುವುದು ಸರಿಯಲ್ಲ. ರೈಲು ನಾಲ್ಕು ಗಂಟೆ ತಡವಾಗುವುದು ನಮಗೆಲ್ಲ ಗೊತ್ತಿರುವ ವಿಷಯ. ಹಿಂದಿನ ದಿನವೇ ತಲುಪಿ ಒಂದು ರಾತ್ರಿ ಉಳಿದರೆ ಲಾಡ್ಜಿನ ಖರ್ಚು ಬರುತ್ತದೆ. ಆದರೆ ಅದನ್ನು ವಿಮೆಯ ಕಂತು ಎಂದು ತಿಳಿಯಬೇಕು. ಇಡೀ ಕುಟುಂಬದ ಹಡಗಿನ ಹಣದ ಮುಂದೆ ಅದು ಚಿಕ್ಕದು.

ಬೆಳಿಗ್ಗೆ ಬೇಗ ತಲುಪಿದವರಿಗೆ ಇದಕ್ಕೆ ವಿರುದ್ಧವಾದ ಸಮಸ್ಯೆ. ಟರ್ಮಿನಲ್ ತೆರೆಯುವವರೆಗೆ ಸಾಮಾನು ಎಲ್ಲಿಡುವುದು? ಇಲ್ಲಿ ಉಗ್ರಾಣದ ಪಾಠ ನೆನಪಾಗಬೇಕು. ದೊಡ್ಡ ನಿಲ್ದಾಣಗಳಲ್ಲಿ ರೈಲ್ವೆಯ ಕ್ಲೋಕ್ ರೂಮ್ ಇರುತ್ತದೆ. ಪ್ರಯಾಣದ ಟಿಕೆಟ್ ತೋರಿಸಬೇಕು, ಚೀಲಕ್ಕೆ ಬೀಗ ಹಾಕಿರಬೇಕು. ಬೀಗವಿಲ್ಲದ ಚೀಲ ಇಟ್ಟುಕೊಳ್ಳುವುದಿಲ್ಲ. ಹತ್ತು ರೂಪಾಯಿ ಉಳಿಸಲು ಬೀಗ ಬಿಟ್ಟು ಹೋದರೆ ದಿನವಿಡೀ ಚೀಲ ಕಾಯುತ್ತಾ ಕೂರಬೇಕಾಗುತ್ತದೆ.

ಮೂರು: ಅಪಾಯದ ಅಡಚಣೆ

ಟರ್ಮಿನಲ್ ತಲುಪಿದ ಮೇಲೆ ದೊಡ್ಡ ಚೀಲಗಳು ನಿಮ್ಮಿಂದ ಬೇರೆಯಾಗುತ್ತವೆ. ಅವುಗಳಿಗೆ ಹೆಸರು ಮತ್ತು ಕೋಣೆಯ ಸಂಖ್ಯೆ ಇರುವ ಚೀಟಿ ಕಟ್ಟಿ ಸಿಬ್ಬಂದಿಗೆ ಕೊಡುತ್ತೀರಿ. ಎಕ್ಸ್-ರೇ ತಪಾಸಣೆಯಾಗಿ ಅವು ಹಡಗಿನ ನಿಮ್ಮ ಕೋಣೆಯ ಬಾಗಿಲಿಗೆ ಬರುತ್ತವೆ. ಆದರೆ ನಿಮ್ಮ ಜೊತೆಯಲ್ಲೇ ಬರುವುದಿಲ್ಲ, ಕೆಲವೊಮ್ಮೆ ಹಲವು ಗಂಟೆ ತಡವಾಗಬಹುದು. ಆದ್ದರಿಂದ ಗುರುತಿನ ಚೀಟಿ, ಟಿಕೆಟ್, ಹಣ, ಔಷಧಿ, ಕನ್ನಡಕ, ಫೋನ್ ಚಾರ್ಜರ್ ಮತ್ತು ಒಂದು ಜೊತೆ ಬಟ್ಟೆ ಕೈಚೀಲದಲ್ಲೇ ಇರಬೇಕು. ಸಕ್ಕರೆ ಕಾಯಿಲೆ ಇರುವವರ ಮಾತ್ರೆ ದೊಡ್ಡ ಚೀಲದಲ್ಲಿ ಹೋದರೆ ಅದು ಬರೀ ಅನಾನುಕೂಲವಲ್ಲ, ನಿಜವಾದ ಅಪಾಯ.

ಇಸ್ತ್ರಿ ಪೆಟ್ಟಿಗೆ, ನೀರು ಕಾಯಿಸುವ ಕಾಯಿಲ್, ವಿದ್ಯುತ್ ಕೆಟಲ್ ಇವನ್ನು ಹಡಗಿನಲ್ಲಿ ಬಿಡುವುದಿಲ್ಲ. ಕಾರಣ ಬೆಂಕಿಯ ಭಯ. ಸಮುದ್ರದ ನಡುವೆ ಬೆಂಕಿ ಹತ್ತಿದರೆ ಓಡಿಹೋಗಲು ಜಾಗವಿಲ್ಲ. ಹೀಗಾಗಿ ಇಂಥ ವಸ್ತುಗಳನ್ನು ಮನೆಯಲ್ಲೇ ಬಿಟ್ಟರೆ ಭಾರವೂ ಕಡಿಮೆ, ತಪಾಸಣೆಯಲ್ಲಿ ಚೀಲ ಬಿಚ್ಚುವ ಕೆಲಸವೂ ಇಲ್ಲ.

ಭಾರದ ಬಗ್ಗೆ ಒಂದು ಮಾತು. ರೈಲಿನಲ್ಲಿ ಸ್ಲೀಪರ್ ಮತ್ತು ಥರ್ಡ್ ಎಸಿಯಲ್ಲಿ ಒಬ್ಬರಿಗೆ 40 ಕೆ.ಜಿ.ವರೆಗೆ ಉಚಿತ. ಅದನ್ನು ನೋಡಿ 40 ಕೆ.ಜಿ. ತುಂಬಬಾರದು. ರೈಲು ಹೊರುವ ಭಾರ ಬೇರೆ, ನಾವು ಹೊರುವ ಭಾರ ಬೇರೆ. ಒಬ್ಬರು ಒಂದು ಕೈಯಲ್ಲಿ ಎಳೆದುಕೊಂಡು, ಇನ್ನೊಂದು ಕೈ ಮಗುವಿಗೋ ಹಿರಿಯರಿಗೋ ಬಿಡುವಷ್ಟು ಸಾಮಾನು ಸಾಕು. ಹೆಚ್ಚಿದ್ದರೆ ಬಿಲ್ಲೆ ಧರಿಸಿದ ಕೂಲಿಯವರನ್ನು ಕರೆದು, ಮೊದಲೇ ದರ ಮಾತಾಡಿ, ಟ್ಯಾಕ್ಸಿವರೆಗೆ ಎಂದು ಸ್ಪಷ್ಟವಾಗಿ ಹೇಳಬೇಕು.

ಹಿಂದೆ ರೈಲೇ ಹಡಗಿನ ಬಳಿ ಹೋಗುತ್ತಿತ್ತು

ಈ ಎರಡು ಕಿಲೋಮೀಟರ್ ಮೊದಲಿನಿಂದಲೂ ಹೀಗಿರಲಿಲ್ಲ ಎಂಬುದು ಓದಿದಾಗ ನನಗೆ ಆಶ್ಚರ್ಯವಾಯಿತು. ಬ್ರಿಟಿಷರ ಕಾಲದಲ್ಲಿ ಬಲ್ಲಾರ್ಡ್ ಪಿಯರ್‌ನಲ್ಲೇ ಒಂದು ರೈಲು ನಿಲ್ದಾಣವಿತ್ತು. ಅದರ ಹೆಸರು ಬಲ್ಲಾರ್ಡ್ ಪಿಯರ್ ಮೋಲ್. ಇಂಗ್ಲೆಂಡಿನಿಂದ ಹಡಗಿನಲ್ಲಿ ಬಂದವರು ಅಲ್ಲಿಯೇ ಫ್ರಾಂಟಿಯರ್ ಮೇಲ್‌ನಂಥ ರೈಲು ಹತ್ತಿ ಉತ್ತರ ಭಾರತಕ್ಕೆ ಹೋಗುತ್ತಿದ್ದರು. ಎರಡನೇ ಮಹಾಯುದ್ಧದ ಕಾಲದಲ್ಲಿ ಆ ನಿಲ್ದಾಣ ಮುಚ್ಚಿತು. ಕೊಚ್ಚಿಯಲ್ಲೂ ಹೀಗೆಯೇ ಆಗಿದೆ. ಬಂದರು ಇರುವ ವಿಲ್ಲಿಂಗ್ಡನ್ ದ್ವೀಪದಲ್ಲಿ ಕೊಚ್ಚಿನ್ ಹಾರ್ಬರ್ ಟರ್ಮಿನಸ್ ಎಂಬ ನಿಲ್ದಾಣವಿದ್ದರೂ ಜನ ಇಳಿಯುವುದು ಎರ್ನಾಕುಲಂನಲ್ಲಿ. ಅಂದರೆ ರೈಲನ್ನೂ ಹಡಗನ್ನೂ ಜೋಡಿಸುವುದು ಯಾರದೋ ಹೊಣೆಯಾಗಿದ್ದ ಕಾಲ ಒಂದಿತ್ತು. ಈಗ ಆ ಹೊಣೆ ಪ್ರಯಾಣಿಕನ ಹೆಗಲಿಗೆ ಬಂದಿದೆ.

ಹೊರಡುವ ಮುನ್ನ

ಮನೆಯಲ್ಲಿ ಯಾರಾದರೂ ಇಂಥ ಪ್ರಯಾಣಕ್ಕೆ ಸಿದ್ಧರಾಗುತ್ತಿದ್ದರೆ ನಾವು ವಿದ್ಯಾರ್ಥಿಗಳು ಈ ಕೆಲಸವನ್ನು ವಹಿಸಿಕೊಳ್ಳಬಹುದು. ಒಂದು ಹಾಳೆಯಲ್ಲಿ ಐದು ವಿಷಯ ಬರೆದುಕೊಡಿ: ರೈಲು ನಿಲ್ಲುವ ನಿಲ್ದಾಣದ ಹೆಸರು, ಬಂದರಿನ ಗೇಟಿನ ಹೆಸರು, ಚೆಕ್-ಇನ್ ಮುಚ್ಚುವ ಸಮಯ, ಚೀಲಗಳ ಒಟ್ಟು ಸಂಖ್ಯೆ, ಯಾರ ಬಳಿ ಯಾವ ಕಾಗದ ಇದೆ ಎಂಬುದು. ಅದರ ಪ್ರತಿ ಪ್ರತಿಯೊಬ್ಬರ ಜೇಬಿನಲ್ಲಿರಲಿ, ಫೋನ್ ಇಲ್ಲದ ನಾನಿಯ ಬಟುವೆಯಲ್ಲೂ ಇರಲಿ. ಹಿಂದಿರುಗುವಾಗ ಇದೇ ಹಾಳೆ ಮತ್ತೆ ಬೇಕಾಗುತ್ತದೆ. ಹಡಗು ಬೆಳಿಗ್ಗೆ ಬಂದರು ತಲುಪಿದರೂ ತಪಾಸಣೆ ಮುಗಿದು ಎಲ್ಲ ಚೀಲ ಕೈಗೆ ಬರಲು ಸಮಯ ಹಿಡಿಯುತ್ತದೆ. ಆದ್ದರಿಂದ ವಾಪಸಿನ ರೈಲು ಮಧ್ಯಾಹ್ನದ ನಂತರದ್ದೇ ಇರಲಿ.