ತಳ ಕಾಣದ ನೀರು

ಊರಿನ ಬಾವಿಯಲ್ಲಿ ಸೊಂಟಕ್ಕೆ ಎರಡು ಒಣ ತೆಂಗಿನಕಾಯಿ ಕಟ್ಟಿಕೊಂಡು ಈಜು ಕಲಿತು ಮುಂಬಯಿ ಸೇರಿದ ನನ್ನಂಥವರಿಗೆ, ಇಲ್ಲಿ ಮೊದಲ ಹತ್ತು ಹನ್ನೆರಡು ವರ್ಷ ನೀರು ಎಂದರೆ ಬೆಳಗಿನ ಜಾವ ನಾಲ್ಕಕ್ಕೆ ಎದ್ದು ಚಾಳಿನ ನಳ್ಳಿಯ ಮುಂದೆ ಸಾಲಿಗಿಡುವ ಎರಡು ಬಾಲ್ದಿ ಮಾತ್ರ. ಈಜುಕೊಳ ಎಂಬುದು ದಾದರಿನ ಶಿವಾಜಿ ಪಾರ್ಕ್ ಬಳಿ ಮಹಾನಗರಪಾಲಿಕೆ ಕಟ್ಟಿಸಿದ್ದು, ಅಥವಾ ದೊಡ್ಡವರ ಜಿಮ್ಖಾನಾಗಳಲ್ಲಿ ಇರುವಂಥದ್ದು ಎಂದೇ ನಮ್ಮ ತಿಳಿವಳಿಕೆ. ಈಗ ಕಾಲ ಬದಲಾಗಿದೆ. ಮುಲುಂಡಿನಿಂದ ಠಾಣೆಯವರೆಗೆ, ಕಾಂದಿವಲಿಯಿಂದ ಮೀರಾ ರೋಡಿನವರೆಗೆ ಹೊಸದಾಗಿ ಎದ್ದ ಗೋಪುರಗಳಲ್ಲಿ ಹಲವಕ್ಕೆ ಒಂದೊಂದು ಕೊಳವಿದೆ. ಫ್ಲ್ಯಾಟಿನ ಜತೆಗೆ ಅದೂ ನಿಮ್ಮದೇ. ಅದರ ನೀರು ಕೆಟ್ಟರೆ ಆ ಕೆಡುಕೂ ನಿಮ್ಮದೇ!

ನಮ್ಮ ಮುಲುಂಡಿನ ಸೊಸೈಟಿಗೆ ಈ ಭಾಗ್ಯ ಬಂದದ್ದು 2023ರ ಏಪ್ರಿಲಿನಲ್ಲಿ. ಬಿಲ್ಡರು ಕೀಲಿಕೈ ಒಪ್ಪಿಸಿ ಹೋದ. ಕೊಳ 15 ಮೀಟರ್ ಉದ್ದ, 7 ಮೀಟರ್ ಅಗಲ, ಸರಾಸರಿ ಆಳ 1.2 ಮೀಟರ್. ಗುಣಿಸಿ ನೋಡಿ, 1 ಲಕ್ಷ 26 ಸಾವಿರ ಲೀಟರ್. ಕುಡಿಯುವ ನೀರನ್ನು ಇದಕ್ಕೆ ಸುರಿಯುವುದು ಬೇಡವೆಂದು ಹದಿಮೂರು ಟ್ಯಾಂಕರ್ ತರಿಸಿದೆವು. ಮೇ ಮೊದಲ ವಾರ ತೆಂಗಿನಕಾಯಿ ಒಡೆದು ಉದ್ಘಾಟನೆಯೂ ಆಯಿತು. ರಜೆಯ ದಿನಗಳು, ಮಕ್ಕಳ ಗದ್ದಲವೋ ಗದ್ದಲ. ಎರಡನೇ ವಾರಕ್ಕೆ ನೀರು ಅಕ್ಕಚ್ಚಿನಂತಾಯಿತು. ಅಕ್ಕಚ್ಚು ಎಂದರೆ ಅಕ್ಕಿ ತೊಳೆದ ನೀರು. ನಿಮ್ಮ ಅಮ್ಮನನ್ನು ಕೇಳಿದರೆ ತೋರಿಸುತ್ತಾರೆ.

ಪ್ರತಿಯೊಬ್ಬರ ಬಳಿಯೂ ಒಂದೊಂದು ಔಷಧಿ ಇತ್ತು. ಎರಡನೇ ಮಾಳಿಗೆಯ ಗುಜರಾತಿ ಮಹನೀಯರು ನೀರನ್ನೆಲ್ಲ ಖಾಲಿ ಮಾಡಿ ಹೊಸದು ತುಂಬೋಣ ಎಂದರು. ಪಕ್ಕದ ಮನೆಯ ಮರಾಠಿ ತಾಯಿ ತುರಟಿ ಹಾಕಿ ಎಂದರು. ತುರಟಿ ಎಂದರೆ ನಮ್ಮ ಪಟಿಕ. ಕಾರ್ಯದರ್ಶಿಗಳದು ಒಂದೇ ಮಂತ್ರ: "ಬ್ಲೀಚಿಂಗ್ ಪೌಡರ್ ಜಾಸ್ತಿ ಹಾಕಿ." ದಿನಕ್ಕೆ ಒಂದು ಕಿಲೋ ಇದ್ದದ್ದು ಮೂರು ಕಿಲೋ ಆಯಿತು. ನೀರು ಇನ್ನಷ್ಟು ಬೆಳ್ಳಗಾಯಿತು.

ಮೂರನೆಯ ಭಾನುವಾರ ಸಂಜೆ ನಡೆದದ್ದನ್ನು ನೆನೆದರೆ ಈಗಲೂ ಎದೆ ಝಲ್ಲೆನ್ನುತ್ತದೆ. ಏಳೆಂಟು ವರ್ಷದ ಹುಡುಗನೊಬ್ಬ ತಮಾಷೆಗೆ ಉಸಿರು ಬಿಗಿಹಿಡಿದು ಆಳದ ಬದಿಯಲ್ಲಿ ಮುಳುಗಿ ಕುಳಿತ. ತಾಯಿ ಹೆಸರು ಹಿಡಿದು ಕೂಗುತ್ತಾಳೆ, ಉತ್ತರವಿಲ್ಲ. ದಡದಲ್ಲಿ ಹತ್ತು ಮಂದಿ ದೊಡ್ಡವರು ನಿಂತಿದ್ದೆವು. ಒಬ್ಬರಿಗೂ ಏನೂ ಕಾಣುತ್ತಿಲ್ಲ, ಬರೀ ಬಿಳಿ. ಇಬ್ಬರು ಬಟ್ಟೆಯಲ್ಲೇ ಹಾರಿ ಕೈಯಿಂದ ತಡಕಾಡಿದರು. ಹುಡುಗ ಬೇರೆ ಮೂಲೆಯಲ್ಲಿ ತಲೆ ಎತ್ತಿ ನಕ್ಕ. ತಾಯಿ ಅವನಿಗೆ ಎರಡು ಬಾರಿಸಿದಳು, ಆಮೇಲೆ ಅಲ್ಲೇ ಕುಳಿತು ಅತ್ತಳು. ಇಡೀ ಪ್ರಸಂಗ ಅರ್ಧ ನಿಮಿಷವೂ ಇದ್ದಿರಲಾರದು.

ಅಂದು ರಾತ್ರಿ ಸಮಿತಿಯ ಸಭೆಯಲ್ಲಿ, ನೀರು ತಿಳಿಯಾಗುವವರೆಗೆ ಕೊಳಕ್ಕೆ ಬೀಗ ಹಾಕಬೇಕೆಂದು ನಾನು ಹಟ ಹಿಡಿದೆ. "ಸದಸ್ಯರು ಮೆಂಟೆನೆನ್ಸ್ ಕಟ್ಟಿದ್ದಾರೆ, ರಜೆ ಮುಗಿಯುತ್ತಾ ಬಂತು, ಬಣ್ಣ ಸ್ವಲ್ಪ ಕೆಟ್ಟಿದ್ದಕ್ಕೆ ಬೀಗವೇ?" ಎಂದು ಆಕ್ಷೇಪ ಬಂತು. ಆಗ ನಾನು ಹೇಳಿದ್ದು ಅಮೆರಿಕದ ಒಂದು ಪ್ರಕರಣ. ಮ್ಯಾಸಚೂಸೆಟ್ಸ್ ರಾಜ್ಯದ ಫಾಲ್ ರಿವರ್ ಎಂಬ ಊರಿನ ಸಾರ್ವಜನಿಕ ಕೊಳದಲ್ಲಿ 2011ರ ಜೂನಿನಲ್ಲಿ ಮಹಿಳೆಯೊಬ್ಬರು ಮುಳುಗಿ ತೀರಿಕೊಂಡರು. ನೀರು ಎಷ್ಟು ಕದಡಿತ್ತೆಂದರೆ ಎರಡು ದಿನ ಅದು ಯಾರಿಗೂ ತಿಳಿಯಲಿಲ್ಲ. ಮೇಲೆ ಜನ ಈಜುತ್ತಲೇ ಇದ್ದರು. ಜೀವರಕ್ಷಕರಿದ್ದ ಕೊಳದ ಕತೆ ಇದು, ನಮ್ಮಲ್ಲಿ ಅವರೂ ಇಲ್ಲ. ಸಭೆ ಸ್ವಲ್ಪ ಹೊತ್ತು ಸುಮ್ಮನಾಯಿತು. ನಾಲ್ಕು ದಿನದ ಬೀಗಕ್ಕೆ ಒಪ್ಪಿಗೆ ಸಿಕ್ಕಿತು. ಸರಿಪಡಿಸುವ ಹೊಣೆ ಮಾತಾಡಿದವನ ತಲೆಗೇ ಬಂತು. ಠಾಣೆ-ಬೇಲಾಪುರ ರಸ್ತೆಯ ಒಂದು ಕಾರ್ಖಾನೆಯ ಲ್ಯಾಬಿನಲ್ಲಿ ಮೂವತ್ತು ವರ್ಷ ದುಡಿದವನೆಂಬ ಕಾರಣವೂ ಇತ್ತೆನ್ನಿ.

ಸೋಮವಾರ ಬೆಳಿಗ್ಗೆ ಪಂಪಿನ ಕೋಣೆಗೆ ಇಳಿದೆ. ಕೊಳ ನೋಡಿಕೊಳ್ಳುವ ಹುಡುಗ ಹಿಂದಿಯಲ್ಲಿ ಮಾತಾಡುತ್ತಿದ್ದವನು ನನ್ನ ಉಚ್ಚಾರ ಕೇಳಿ, "ಸಾಹೇಬ್ರ, ನೀವು ಕನ್ನಡದವ್ರೇನ್ರೀ?" ಎಂದ. ಅಫಜಲಪುರದ ಕಡೆಯವನು. ಅಂಗೈ ಬಿಳಿಚಿ ಸಿಪ್ಪೆ ಏಳುತ್ತಿತ್ತು. ಬ್ಲೀಚಿಂಗ್ ಪೌಡರನ್ನು ಬರಿಗೈಯಲ್ಲೇ ಬಾಲ್ದಿಗೆ ಸುರಿಯುತ್ತಿದ್ದನಂತೆ. "ಉರಿತಾವ್ರೀ, ರಾತ್ರಿ ನಿದ್ದಿ ಬರಂಗಿಲ್ಲ" ಎಂದ. ಕೈಗವಸು, ಮುಖಕ್ಕೆ ಮಾಸ್ಕು, ಕಣ್ಣಿಗೆ ಕನ್ನಡಕ ಯಾರೂ ಕೊಟ್ಟಿರಲಿಲ್ಲ. ಸಮಿತಿಯಲ್ಲಿದ್ದ ನಾನೂ ಕೊಟ್ಟಿರಲಿಲ್ಲ. ಮೊದಲ ಖರ್ಚು ಅದಕ್ಕೇ ಆಯಿತು.

ಇನ್ನು ನೀರಿನ ವಿಷಯ. ನಮ್ಮ ಭಾಷೆಯಲ್ಲಿ ಕೆಟ್ಟ ನೀರಿಗೆ ಎಷ್ಟು ಹೆಸರುಗಳಿವೆ ನೋಡಿ: ಕದಡಿದ ನೀರು, ಬಗ್ಗಡ, ರಾಡಿ, ಪಾಚಿ ಕಟ್ಟಿದ ನೀರು. ನೀವು ಎಲ್ಲವನ್ನೂ "ಡರ್ಟಿ" ಎಂದು ಮುಗಿಸುತ್ತೀರಿ! ಆದರೆ ಕಾರಣ ಬೇರೆ ಬೇರೆ, ಮದ್ದೂ ಬೇರೆ ಬೇರೆ. ಯಾವುದೆಂದು ಗೊತ್ತು ಮಾಡಿಕೊಳ್ಳಲು ಎರಡು ಗಾಜಿನ ಲೋಟ ಸಾಕು. ಒಂದರಲ್ಲಿ ಕೊಳದ ನೀರು ತುಂಬಿ ರಾತ್ರಿಯಿಡೀ ಅಲುಗಾಡಿಸದೆ ಇಡಿ. ಮಣ್ಣಾದರೆ ಬಹುಪಾಲು ತಳದಲ್ಲಿ ಕೂರುತ್ತದೆ. ಇನ್ನೊಂದಕ್ಕೆ ಕೆಲವು ಹನಿ ವಿನೆಗರ್ ಬಿಡಿ. ನಮ್ಮ ಲೋಟ ಕಣ್ಣೆದುರೇ ತಿಳಿಯಾಯಿತು. ಅಂದರೆ ಅದು ಮಣ್ಣಲ್ಲ, ಪಾಚಿಯಲ್ಲ, ಸುಣ್ಣ.

ಶಾಲೆಯಲ್ಲಿ ಸುಣ್ಣದ ತಿಳಿನೀರಿಗೆ ಕೊಳವೆಯಿಂದ ಊದಿದ ಪ್ರಯೋಗ ನೆನಪಿದೆಯೇ? ನೀರು ಹಾಲಿನಂತೆ ಬೆಳ್ಳಗಾಗುತ್ತದೆ. ನಮ್ಮ ಕೊಳದಲ್ಲಿ ಆದದ್ದು ಹೆಚ್ಚುಕಡಿಮೆ ಅದೇ. ಮುಂಬಯಿಯ ನಳ್ಳಿ ನೀರು ತಾನ್ಸಾ, ವೈತರಣಾ, ಭಾತ್ಸಾ ಮುಂತಾದ ಜಲಾಶಯಗಳ ಮಳೆ ನೀರು, ಮೆದು. ಟ್ಯಾಂಕರಿನವರು ತಂದದ್ದು ಬೋರ್‌ವೆಲ್ಲಿನ ಗಡಸು ನೀರು, ಅದರಲ್ಲೇ ಸುಣ್ಣದ ಅಂಶ ಸಾಕಷ್ಟಿತ್ತು. ಬ್ಲೀಚಿಂಗ್ ಪೌಡರ್ ಎಂದರೆ ಸುಣ್ಣಕ್ಕೆ ಕ್ಲೋರಿನ್ ಹಿಡಿಸಿ ಮಾಡಿದ ಪುಡಿ. ಅದರಲ್ಲಿ ಉಪಯೋಗಕ್ಕೆ ಬರುವ ಕ್ಲೋರಿನ್ ಮೂರನೇ ಒಂದು ಪಾಲಷ್ಟೇ. ಉಳಿದ ಸುಣ್ಣ ನೀರಿನ ಕ್ಷಾರವನ್ನು ಏರಿಸುತ್ತದೆ. ಕ್ಷಾರ ಏರಿದಷ್ಟೂ ಸುಣ್ಣ ಕರಗಿರಲಾರದೆ ನುಣ್ಣನೆಯ ಬಿಳಿ ಪುಡಿಯಾಗಿ ತೇಲುತ್ತದೆ. ಪ್ರಿನ್ಸೆಸ್ ಸ್ಟ್ರೀಟಿನಿಂದ ತಂದ ಪರೀಕ್ಷಾ ಕಿಟ್ಟಿನಲ್ಲಿ ಪಿ.ಎಚ್. 8.2 ಬಂತು. ಇರಬೇಕಾದದ್ದು 7.2ರಿಂದ 7.8ರ ನಡುವೆ. ಪಿ.ಎಚ್. 8 ದಾಟಿದಾಗ ಕ್ಲೋರಿನ್ನಿನ ಕ್ರಿಮಿ ಕೊಲ್ಲುವ ಶಕ್ತಿಯೂ ಬಹಳ ಕುಗ್ಗುತ್ತದೆ. ಅಂದರೆ ಕಾರ್ಯದರ್ಶಿಗಳ ಮದ್ದು ರೋಗವನ್ನೇ ಬೆಳೆಸುತ್ತಿತ್ತು, ಪಾಪ.

ಎರಡನೇ ತಪ್ಪು ಪಂಪಿನದು. "ಮೂರು ತಾಸಿನ ಮ್ಯಾಲ ಹಚ್ಚಬ್ಯಾಡ ಅಂದಾರ್ರೀ, ಕರೆಂಟ್ ಬಿಲ್ ಬರ್ತದಂತ" ಎಂದ ಹುಡುಗ. ನಮ್ಮ ಪಂಪು ಗಂಟೆಗೆ 16 ಸಾವಿರ ಲೀಟರ್ ನೀರನ್ನು ಮರಳಿನ ಸೋಸುಪಾತ್ರೆಯ ಮೂಲಕ ಹಾಯಿಸುತ್ತದೆ. ಮೂರು ಗಂಟೆಗೆ 48 ಸಾವಿರ, ಅರ್ಧ ಕೊಳವೂ ಅಲ್ಲ. ಇಡೀ ಕೊಳದಷ್ಟು ನೀರು ಹಾಯಲು ಎಂಟು ಗಂಟೆ ಬೇಕು. ಇಲ್ಲೊಂದು ಸ್ವಾರಸ್ಯವಿದೆ, ಗಣಿತ ಓದುವವರು ಗಮನಿಸಿ. ಎಂಟು ಗಂಟೆಗೆ ಎಲ್ಲ ನೀರೂ ಸೋಸಿ ಮುಗಿಯಿತೆಂದಲ್ಲ. ಸೋಸಿದ ನೀರು ಮತ್ತೆ ಅದೇ ಕೊಳಕ್ಕೆ ಬಂದು ಸೋಸದ ನೀರಿನೊಡನೆ ಬೆರೆಯುತ್ತದೆ. ಲೆಕ್ಕ ಹಾಕಿದರೆ ಒಂದು ಸುತ್ತಿಗೆ ನೂರಕ್ಕೆ 63 ಪಾಲು ಮಾತ್ರ ಮರಳು ಕಂಡಿರುತ್ತದೆ, ಎರಡು ಸುತ್ತಿಗೆ 86, ಮೂರಕ್ಕೆ 95, ನಾಲ್ಕಕ್ಕೆ 98. ನಾಲ್ಕು ಸುತ್ತು ಎಂದರೆ ನಮ್ಮಲ್ಲಿ 32 ಗಂಟೆ. ಈಜುಕೊಳದ ಕಾಯಿಲೆಗಳಲ್ಲಿ ಅರ್ಧಕ್ಕರ್ಧ ಪಂಪು ನಿಲ್ಲಿಸಿದ್ದರಿಂದಲೇ ಬರುತ್ತವೆ ಎಂಬುದು ನನ್ನ ಅಭಿಪ್ರಾಯ. ಕರೆಂಟು ಉಳಿಸಿದ ದುಡ್ಡು ರಾಸಾಯನಿಕದ ಅಂಗಡಿಗೆ ಹೋಗುತ್ತದೆ.

ಮರಳಿನ ಪಾತ್ರೆಯನ್ನು ಕೊಳ ತುಂಬಿದಂದಿನಿಂದ ತೊಳೆದೇ ಇರಲಿಲ್ಲ. ನೀರನ್ನು ತಿರುಗುಮುರುಗಾಗಿ ಹರಿಸಿ ಮರಳು ತೊಳೆಯುವುದಕ್ಕೆ ಬ್ಯಾಕ್‌ವಾಶ್ ಎನ್ನುತ್ತಾರೆ. ಪಾತ್ರೆಯ ಮೇಲಿನ ಒತ್ತಡದ ಮುಳ್ಳು ಶುದ್ಧ ಸ್ಥಿತಿಗಿಂತ ಅರ್ಧ ಕಿಲೋಗಿಂತ ಮೇಲೆ ಏರಿದಾಗ ಇದನ್ನು ಮಾಡಬೇಕು. ದಿನಾ ಮಾಡಬಾರದು, ಕೊಂಚ ಕೊಳೆ ಕೂತ ಮರಳೇ ಚೆನ್ನಾಗಿ ಸೋಸುತ್ತದೆ. ಅಂದು ಹೊರಬಂದ ನೀರು ಮೊದಲು ಬಿಳಿ, ಆಮೇಲೆ ಕಂದು, ಮೂರು ನಿಮಿಷದ ನಂತರ ತಿಳಿ.

ಆಮೇಲೆ ಆಸಿಡ್. ಇದನ್ನು ಓದಿ ಯಾರೂ ಸ್ವಂತ ಪ್ರಯೋಗಕ್ಕೆ ಇಳಿಯಬೇಡಿ, ತಿಳಿದವರು ಪಕ್ಕದಲ್ಲಿರಲಿ. ಪಂಪು ಓಡುತ್ತಿರುವಾಗ, ಕೊಳದಲ್ಲಿ ಯಾರೂ ಇಲ್ಲದಾಗ, ಸೋಮವಾರ ಸಂಜೆ ಒಂದು ಲೀಟರ್ ಹೈಡ್ರೋಕ್ಲೋರಿಕ್ ಆಸಿಡನ್ನು ನೀರಿನ ಬಾಲ್ದಿಯಲ್ಲಿ ಬೆರೆಸಿ ಆಳದ ಬದಿಯಲ್ಲಿ ನಿಧಾನವಾಗಿ ಸುರಿದೆವು. ಮಂಗಳವಾರ ಅಳತೆ ನೋಡಿ ಇನ್ನೊಂದು ಲೀಟರ್. ನೀರಿಗೆ ಆಸಿಡ್ ಹಾಕಬೇಕು, ಆಸಿಡಿಗೆ ನೀರು ಎಂದೂ ಹಾಕಬಾರದು. ಆಸಿಡಿನ ಬಾಲ್ದಿಗೆ ಬ್ಲೀಚಿಂಗ್ ಪೌಡರಿನ ಚೂರು ತಾಗಿದರೂ ಕ್ಲೋರಿನ್ ಅನಿಲ ಏಳುತ್ತದೆ. 1915ರ ಏಪ್ರಿಲ್ 22ರಂದು ಬೆಲ್ಜಿಯಮ್ಮಿನ ಈಪ್ರ್ ರಣರಂಗದಲ್ಲಿ ಜರ್ಮನರು ಶತ್ರುಗಳ ಮೇಲೆ ಬಿಟ್ಟದ್ದು ಇದನ್ನೇ. ಇನ್ನೊಂದು ಎಚ್ಚರಿಕೆ: ಅಂಗಡಿಯಲ್ಲಿ ಟಿ.ಸಿ.ಸಿ.ಎ. ಎಂಬ ಬಿಳಿ ಬಿಲ್ಲೆ ಸಿಗುತ್ತದೆ, ಕ್ಯಾಲ್ಸಿಯಂ ಹೈಪೋಕ್ಲೋರೈಟ್ ಎಂಬ ಬಿಳಿ ಪುಡಿಯೂ ಸಿಗುತ್ತದೆ. ನೋಡಲು ಅಣ್ಣತಮ್ಮಂದಿರಂತಿದ್ದರೂ ಒಂದೇ ಡಬ್ಬಿಯಲ್ಲಿ ಬೆರೆತರೆ ಬೆಂಕಿ ಹತ್ತಬಹುದು, ಸಿಡಿಯಲೂಬಹುದು. ನಮ್ಮ ಕೋಣೆಯಲ್ಲಿ ಎರಡೂ ಒಂದೇ ಹಲಗೆಯ ಮೇಲಿದ್ದವು, ಒಂದೇ ಚಮಚೆಯೊಂದಿಗೆ!

ಬ್ಲೀಚಿಂಗ್ ಪೌಡರ್ ನಿಲ್ಲಿಸಿ ದ್ರವರೂಪದ ಸೋಡಿಯಂ ಹೈಪೋಕ್ಲೋರೈಟ್ ತರಿಸಿದೆವು, ಅದರಲ್ಲಿ ಸುಣ್ಣವಿಲ್ಲ. ಎಷ್ಟು ಬೇಕೆಂಬ ಲೆಕ್ಕ ಸುಲಭ. ಹತ್ತು ಲಕ್ಷದಲ್ಲಿ ಒಂದು ಪಾಲು ಕ್ಲೋರಿನ್ ಬೇಕೆಂದರೆ ಸಾವಿರ ಲೀಟರಿಗೆ ಒಂದು ಗ್ರಾಮ್. ನಮ್ಮ ಕೊಳಕ್ಕೆ 126 ಗ್ರಾಮ್. ನೀರಿನಲ್ಲಿ ಉಳಿಯಬೇಕಾದದ್ದು ಒಂದರಿಂದ ಮೂರು ಪಾಲು. "ಕ್ಲೋರಿನ್ ವಾಸನೆ ಬರುತ್ತಿದೆ, ಕಣ್ಣು ಉರಿಯುತ್ತಿದೆ, ಜಾಸ್ತಿ ಹಾಕಿದ್ದಾರೆ" ಎಂದು ನೀವು ದೂರುವಿರಲ್ಲ, ಹೆಚ್ಚಿನ ಸಲ ಅದು ಕ್ಲೋರಿನ್ ಜಾಸ್ತಿಯಾದದ್ದಲ್ಲ. ಬೆವರಿಗೂ, ಹೇಳಲು ನಾಚಿಕೆಯಾಗುವ ಇನ್ನೊಂದಕ್ಕೂ ಕ್ಲೋರಿನ್ ಅಂಟಿಕೊಂಡು ಹುಟ್ಟುವ ಕ್ಲೋರಮೀನಿನ ವಾಸನೆ ಅದು. ಇಳಿಯುವ ಮೊದಲು ಶವರಿನ ಕೆಳಗೆ ಒಂದು ನಿಮಿಷ ನಿಂತರೆ ಅರ್ಧ ಕಡಿಮೆಯಾಗುತ್ತದೆ.

ಗೊತ್ತಿಲ್ಲದೆ ಮದ್ದು ಸುರಿಯುವುದರಲ್ಲಿ ನಾವೇ ಮೊದಲಿಗರಲ್ಲ. 2016ರ ರಿಯೋ ಒಲಿಂಪಿಕ್ಸಿನಲ್ಲಿ ಡೈವಿಂಗ್ ಕೊಳ ರಾತ್ರೋರಾತ್ರಿ ಹಸಿರಾದದ್ದನ್ನು ಟಿ.ವಿ.ಯಲ್ಲಿ ಲೋಕವೇ ನೋಡಿತು. ಯಾರೋ ಹೈಡ್ರೋಜನ್ ಪೆರಾಕ್ಸೈಡ್ ಸುರಿದಿದ್ದರು. ಅದು ಕ್ಲೋರಿನ್ನನ್ನು ಕೊಂದಿತು, ಪಾಚಿಗೆ ಹಬ್ಬವಾಯಿತು. ಪಕ್ಕದ ಕೊಳದ ನೀರನ್ನು ಹೊರಹಾಕಿ ಬೇರೆ ತುಂಬಬೇಕಾಯಿತು.

ಪಟಿಕ ಹೇಳಿದ ತಾಯಿಗೂ ನ್ಯಾಯ ಸಲ್ಲಬೇಕು. ಮಣ್ಣಿನ ಸೂಕ್ಷ್ಮ ಕಣಗಳು ಒಂದನ್ನೊಂದು ದೂಡುತ್ತ ತೇಲುತ್ತಿರುತ್ತವೆ. ಪಟಿಕ ಅವನ್ನು ಒಂದುಗೂಡಿಸಿ ಹತ್ತಿಯ ಎಳೆಯಂಥ ಮುದ್ದೆ ಮಾಡಿ ತಳಕ್ಕೆ ಇಳಿಸುತ್ತದೆ. ನಮ್ಮ ಅಜ್ಜಿಯಂದಿರು ಮಡಕೆಯ ಒಳಮೈಗೆ ಚಿಲ್ಲದ ಬೀಜ ತೇಯುತ್ತಿದ್ದದ್ದೂ ಇದೇ ಉಪಾಯಕ್ಕೆ. ಸಂಸ್ಕೃತದವರು ಕತಕವೆನ್ನುವ ಈ ಕಾಯಿಯ ಪ್ರಸ್ತಾಪ ಮನುಸ್ಮೃತಿಯಲ್ಲೂ ಇದೆ. ಆದರೆ ಮೇ ತಿಂಗಳ ನಮ್ಮ ಬಿಳುಪಿಗೆ ಅದು ಮದ್ದಾಗಿರಲಿಲ್ಲ. ಜುಲೈಯಲ್ಲಿ ಗುಡ್ಡದ ಕಡೆಯಿಂದ ಕೆಂಪು ನೀರು ನುಗ್ಗಿ ಕೊಳ ಬಗ್ಗಡವಾದಾಗ ಪಟಿಕವನ್ನೇ ಹಾಕಿದೆವು. ಪಂಪು ನಿಲ್ಲಿಸಿ ರಾತ್ರಿಯಿಡೀ ಬಿಟ್ಟು, ಬೆಳಿಗ್ಗೆ ತಳದ ಕೆಸರನ್ನು ಮರಳಿಗೆ ಹೋಗಗೊಡದೆ ನೇರ ಮೋರಿಗೆ ಎಳೆದು ಬಿಟ್ಟೆವು. ಹೀಗೆ ಮಾಡದಿದ್ದರೆ ಮುದ್ದೆಯೆಲ್ಲ ಮರಳಿಗೆ ಅಂಟಿ ಕಟ್ಟಿಕೊಳ್ಳುತ್ತದೆ. (ಮಳೆಗಾಲ ಏನೇನು ತರುತ್ತದೆಂದು ಹೇಳಲಾಗದು. ಅದೇ ವರ್ಷದ ಅಕ್ಟೋಬರಿನಲ್ಲಿ ದಾದರಿನ ಮಹಾನಗರಪಾಲಿಕೆಯ ಕೊಳದಲ್ಲಿ ಮೊಸಳೆ ಮರಿಯೇ ಸಿಕ್ಕಿತ್ತು! ನಮ್ಮಲ್ಲಿ ಕಪ್ಪೆಗಳಷ್ಟೇ.)

ಮಂಗಳವಾರ ಸಂಜೆ ಕೊಳದ ಮೆಟ್ಟಿಲುಗಳು ಕಂಡವು. ಬುಧವಾರ ತಳದ ನೀಲಿ ಹೆಂಚುಗಳ ಗೆರೆ ಮಸುಕಾಗಿ ಕಂಡಿತು. ಗುರುವಾರ ಬೆಳಿಗ್ಗೆ ನನ್ನ ಮೊಮ್ಮಗ ಐದು ರೂಪಾಯಿಯ ನಾಣ್ಯವೊಂದನ್ನು ಆಳದ ಬದಿಗೆ ಎಸೆದು, "ಅಜ್ಜ, ಸಿಂಹ ಮೇಲಿದೆ" ಎಂದ. ಪಿ.ಎಚ್. 7.4 ಇತ್ತು. ಕಾರ್ಯದರ್ಶಿಗಳು ಕೀಲಿಕೈ ಹಿಡಿದುಕೊಂಡೇ ನಿಂತಿದ್ದರು.

ಅಂದೇ ಒಂದು ನಿಯಮವನ್ನು ಬರೆದು ಗೇಟಿಗೆ ತೂಗುಹಾಕಿದೆವು: ತಳದ ಜಾಲರಿ ದಡದಿಂದ ಸ್ಪಷ್ಟವಾಗಿ ಕಾಣದ ದಿನ ಕೊಳ ಮುಚ್ಚಿರುತ್ತದೆ, ಯಾರ ಶಿಫಾರಸೂ ನಡೆಯದು. ಪಂಪು ದಿನಕ್ಕೆ ಹತ್ತು ಗಂಟೆ. ಹುಡುಗನಿಗೆ ಒಂದು ನೋಟ್‌ಬುಕ್ ಕೊಟ್ಟೆ. ಹಿಂದಿಯಲ್ಲಿ ಬರೆಯಲೇ ಎಂದು ಕೇಳಿದ, ನಿನಗೆ ಬರುವ ಭಾಷೆಯಲ್ಲಿ ಬರಿ ಎಂದೆ. ಮೊನ್ನೆ ತೆರೆದು ನೋಡಿದೆ. ತಾರೀಖು, ಪಿ.ಎಚ್., ಕ್ಲೋರಿನ್, ಒತ್ತಡ ಎಂದು ಗೆರೆ ಹಾಕಿ ನಾಲ್ಕು ಕಲಂ ಮಾಡಿದ್ದಾನೆ. ಐದನೆಯದರಲ್ಲಿ ದಿನವೂ ಎರಡು ಶಬ್ದ: "ತಳ ಕಾಣತದ". ಜುಲೈಯ ಎರಡು ದಿನ ಮಾತ್ರ, ಕೆಂಪು ಶಾಯಿಯಲ್ಲಿ, "ಕಾಣಂಗಿಲ್ಲ. ಬೀಗ ಹಾಕೀನಿ."