ಹಳೇ ಪಿಕಪ್ ನಿಂತಲ್ಲೇ ನಡುಗಿದರೆ

ಡ್ರ್ಯಾಗನ್ ಮಾರ್ಟ್‌ನಲ್ಲಿ ಸಾಮಾನು ತುಂಬಿಕೊಂಡು ಬಂದು ಸಿಗ್ನಲ್‌ನಲ್ಲಿ ನಿಂತರೆ ಸ್ಟೇರಿಂಗ್, ಸೀಟು, ಕನ್ನಡಿ ಎಲ್ಲ ನಡುಗುತ್ತೆ. ಹಸಿರು ಬಿದ್ದ ಮೇಲೆ ಆಕ್ಸಿಲೇಟರ್ ಒತ್ತಿದರೂ ಗಾಡಿ ಒಂದು ಕ್ಷಣ ತಡೆದು ಆಮೇಲೆ ಎಳೆಯುತ್ತೆ. ಪಿಕಪ್ಪಿಗೇ ಪಿಕಪ್ ಇಲ್ಲ! ಇಂಟರ್‌ನ್ಯಾಷನಲ್ ಸಿಟಿಯ ಒಳರಸ್ತೆಯಲ್ಲಿ ಇದು ಬರೀ ಕಿರಿಕಿರಿ. ಶೇಖ್ ಮೊಹಮ್ಮದ್ ಬಿನ್ ಝಾಯದ್ ರಸ್ತೆಗೆ ಸೇರುವಾಗ ಹಿಂದಿನಿಂದ ಲಾರಿ ಬರುತ್ತಿದ್ದರೆ ಆ ಒಂದು ಕ್ಷಣ ಜೀವಕ್ಕೇ ಅಪಾಯ.

ಗ್ಯಾರೇಜಿಗೆ ಹೋಗಿ "ಮಿಸ್ಸಿಂಗ್ ಹೊಡೀತಿದೆ" ಅಂದರೆ ಸಾಲದು. ಯಾವಾಗ ಅಂತ ಹೇಳಬೇಕು. ಬೆಳಿಗ್ಗೆ ಸ್ಟಾರ್ಟ್ ಮಾಡಿದಾಗಲೋ, ಬಿಸಿಯಾದ ಮೇಲೋ, ಎಸಿ ಹಾಕಿದಾಗ ಮಾತ್ರವೋ, ಲೋಡ್ ಇದ್ದಾಗಲೋ? ಎರಡು ದಿನ ಗಮನಿಸಿ ಫೋನಿನಲ್ಲಿ ಬರೆದುಕೊಳ್ಳಿ. ಇಷ್ಟು ಹೇಳದಿದ್ದರೆ ಮೆಕ್ಯಾನಿಕ್ ಒಂದೊಂದೇ ಪಾರ್ಟ್ ಬದಲಿಸಿ ನೋಡುತ್ತಾನೆ, ಬಿಲ್ಲು ಮಾತ್ರ ಬೆಳೆಯುತ್ತೆ.

ಕಡಿಮೆ ಖರ್ಚಿನದನ್ನು ಮೊದಲು ನೋಡಿ. ಇಲ್ಲಿನ ಧೂಳಿಗೆ ಏರ್ ಫಿಲ್ಟರ್ ಬೇಗ ಕಟ್ಟಿಕೊಳ್ಳುತ್ತೆ. ಮರಳುಗಾಳಿ ಬೀಸಿದ ವಾರ ತೆಗೆದು ನೋಡುವುದೇ ಒಳ್ಳೇದು. ಎಸಿ ಹಾಕಿದಾಗ ಮಾತ್ರ ಐಡ್ಲಿಂಗ್ ಕುಸಿದರೆ ಥ್ರಾಟಲ್ ಬಾಡಿಯಲ್ಲಿ ಮಸಿ ಕೂತಿರಬಹುದು, ಅದು ಕ್ಲೀನ್ ಮಾಡಿಸುವಷ್ಟೇ ಕೆಲಸ. ಇಲ್ಲಿನ ಬಿಸಿಗೆ ರಬ್ಬರ್ ಪೈಪು ಗಟ್ಟಿಯಾಗಿ ಬಿರುಕು ಬಿಡುತ್ತೆ. ಬಾನೆಟ್ ಎತ್ತಿ "ಸ್ಸ್" ಅನ್ನೋ ಸದ್ದು ಕೇಳುತ್ತಾ ಅಂತ ನೋಡಿ. ಫ್ಯಾನು, ಬೆಲ್ಟಿನ ಹತ್ತಿರ ಕೈ, ಬಟ್ಟೆ ಒಯ್ಯಬೇಡಿ.

ಪೆಟ್ರೋಲ್ ಗಾಡಿಯಲ್ಲಿ ಮುಂದಿನ ಅನುಮಾನ ಪ್ಲಗ್ ಮತ್ತು ಕಾಯಿಲ್ ಮೇಲೆ. ಚೆಕ್ ಎಂಜಿನ್ ದೀಪ ಹತ್ತಿದ್ದರೆ ಸ್ಕ್ಯಾನರ್ ಹಾಕಿಸಿ, ಬಂದ ಕೋಡನ್ನು ನೀವೇ ಕೇಳಿ ಬರೆದುಕೊಳ್ಳಿ. ಪಿ0302 ಅಂದರೆ ಎರಡನೇ ಸಿಲಿಂಡರ್ ಮಿಸ್ಸಿಂಗ್. ಆಗ ಹೊಸ ಕಾಯಿಲ್ ಕೊಳ್ಳುವ ಮೊದಲು ಎರಡನೆಯದರ ಕಾಯಿಲನ್ನು ಮೂರಕ್ಕೆ, ಮೂರರದ್ದನ್ನು ಎರಡಕ್ಕೆ ಹಾಕಿಸಿ. ಈಗ ಕೋಡ್ ಪಿ0303 ಆದರೆ ಕಾಯಿಲೇ ಕೆಟ್ಟಿದೆ. ಪಿ0302 ಅಂತಲೇ ಉಳಿದರೆ ಪ್ಲಗ್, ವೈರಿಂಗ್, ಇಂಜೆಕ್ಟರ್ ನೋಡಬೇಕು. ಹತ್ತು ನಿಮಿಷದ ಈ ಅದಲುಬದಲಿಗೆ ಯಾವ ಒಳ್ಳೇ ಮೆಕ್ಯಾನಿಕ್ಕೂ ಬೇಡ ಅನ್ನಲ್ಲ. ಇನ್ನು ಆ ದೀಪ ಮಿನುಗತೊಡಗಿದರೆ ಲೋಡ್ ಎಳೆಯಬೇಡಿ; ಸುಡದೆ ಉಳಿದ ಪೆಟ್ರೋಲ್ ಸೈಲೆನ್ಸರಿನ ಕ್ಯಾಟಲಿಸ್ಟನ್ನು ಸುಟ್ಟುಹಾಕುತ್ತೆ.

ಖಾಲಿ ಇದ್ದಾಗ ಸರಿ, ಲೋಡ್ ಹಾಕಿದಾಗ ಮಾತ್ರ ಜಗ್ಗಿದರೆ ಫ್ಯೂಯಲ್ ಫಿಲ್ಟರ್, ಪಂಪಿನ ಪ್ರೆಶರ್ ನೋಡಿಸಿ. ಪಂಪ್ ಟ್ಯಾಂಕಿನ ಒಳಗಿದ್ದರೆ ಅದು ತಣ್ಣಗಿರುವುದು ಪೆಟ್ರೋಲಿನಿಂದಲೇ, ಬೇಸಿಗೆಯಲ್ಲಿ ಟ್ಯಾಂಕ್ ತಳ ಕಾಣುವವರೆಗೆ ಓಡಿಸಬೇಡಿ. ಡೀಸೆಲ್ ಗಾಡಿಗೆ ಪ್ಲಗ್‌ಕಾಯಿಲಿನ ಮಾತಿಲ್ಲ, ಫಿಲ್ಟರಿನಲ್ಲಿ ಸೇರಿದ ನೀರು ಇಳಿಸಿ ನೋಡಿ.

ಗಾಡಿ ಕಂಪನಿಯದ್ದಾದರೆ ತೊಂದರೆ ಶುರುವಾದ ದಿನವೇ ಮುದೀರ್‌ಗೆ ವಾಟ್ಸಾಪ್ ಮಾಡಿ, ನಡುಗುವುದರ ವಿಡಿಯೊ ಕೂಡ ಕಳಿಸಿ. ಬಾಯಲ್ಲಿ ಹೇಳಿದ್ದು ಆಮೇಲೆ ಸಾಕ್ಷಿಗೆ ಬರಲ್ಲ. ಓಡಿ ಓಡಿ ಸವೆದ ಪ್ಲಗ್ಗಿಗೆ ಡ್ರೈವರ್ ಹೊಣೆ ಅಲ್ಲ. ರಿಪೇರಿ ದುಡ್ಡು ಅಂತ ಸಂಬಳದಲ್ಲಿ ಹಿಡಿದುಕೊಂಡರೆ ಬಿಲ್, ಸ್ಕ್ಯಾನ್ ಕೋಡ್, ಕಳಿಸಿದ ಮೆಸೇಜು ಮೂರನ್ನೂ ಹತ್ತಿರ ಇಟ್ಟುಕೊಂಡು ಕಾರ್ಮಿಕ ಸಚಿವಾಲಯದ ದೂರು ಮತ್ತು ಸಲಹಾ ಕೇಂದ್ರದ 80084 ನಂಬರಿಗೆ ಫೋನ್ ಮಾಡಿ.